ಕೊಂಬಿಲ್ಲದ ಹಸುವಿನ ಮಾದರಿ

ಮಾರ್ಚ್ ೩, ಸೋಮವಾರ

ಈ ಭೂಮಿಯ ಮೇಲಿನ ಹಸುಗಳಲ್ಲಿ ಅರ್ಧಕ್ಕರ್ಧ ನನ್ನನ್ನು ಕಂಡರೆ ಎದ್ದು ನಿಲ್ಲುತ್ತವೆ. ಉಳಿದರ್ಧ ಇನ್ನೂ ನನ್ನನ್ನು ನೋಡಿಲ್ಲ, ಅಷ್ಟೇ. ಹಾಲಿನ ಕೇಂದ್ರದಲ್ಲಿ ಪರೀಕ್ಷೆಯ ಮೇಜಿಗೆ ಇವತ್ತು ನಾನು ಕೂತಿದ್ದೇನೆ ಎಂದು ಗೊತ್ತಾದರೆ ಸಾಕು, ಕೊಟ್ಟಿಗೆಯಲ್ಲೇ ಹಾಲು ಗಟ್ಟಿಯಾಗಿಬಿಡುತ್ತದೆ. ಗಾಜಿನ ಲ್ಯಾಕ್ಟೋಮೀಟರನ್ನು ಹಾಲಿನೊಳಗೆ ಬಿಟ್ಟು, ಅದು ಎಷ್ಟು ಮುಳುಗಿತು ಎಂದು ಕಣ್ಣು ಕಿರಿದು ಮಾಡಿ ನೋಡಿ, ನೀರು ಬೆರೆತಿದೆಯೋ ಇಲ್ಲವೋ ಎಂದು ಹೇಳುವುದು ಉಳಿದವರ ವಿದ್ಯೆ. ನನಗೆ ಕ್ಯಾನಿನ ಮುಚ್ಚಳ ತೆಗೆದ ಸದ್ದೇ ಸಾಕು. ಹಳ್ಳಿಯ ಶಾಲೆಯವರು ಏಳನೇ ತರಗತಿಗೇ ನನ್ನನ್ನು ಮನೆಗೆ ಕಳಿಸಿದರು. ಅದಕ್ಕಿಂತ ಹೆಚ್ಚು ಕಲಿಸಲು ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಈ ಪುಸ್ತಕ ಕೊಟ್ಟವಳು ನಮ್ಮ ಅಣ್ಣನ ಮಗಳು. ಶಾಲಾ ವ್ಯಾನ್ ಓಡಿಸುತ್ತಾಳೆ, ಕೆಲಸಕ್ಕೆ ಹತ್ತಿರ ಎಂದು ನಮ್ಮ ಮನೆಯಲ್ಲೇ ಇದ್ದಾಳೆ. "ಚಿಕ್ಕಪ್ಪ, ನಿಮ್ಮ ಸಾಹಸ ಕೇಳಿ ಕೇಳಿ ನಾನೂ ಚಿಕ್ಕಮ್ಮನೂ ಸುಸ್ತಾಗಿದೀವಿ. ಇನ್ಮೇಲೆ ಇದಕ್ಕೆ ಹೇಳಿ, ಪಾಪ, ಇದು ಆಕಳಿಸಲ್ಲ" ಎಂದಳು. ಹೊಟ್ಟೆಕಿಚ್ಚು.

ಇವತ್ತಿನ ದೊಡ್ಡ ಸುದ್ದಿ ಇದು. ನಮ್ಮ ಕೇಂದ್ರಕ್ಕೆ ಹೊಸ ಪರೀಕ್ಷಾ ಕೋಣೆ ಬರುತ್ತಿದೆ, ಅದಕ್ಕೊಬ್ಬ ಮುಖ್ಯ ಪರೀಕ್ಷಕ ಬೇಕು. ತಿರುಗುವ ಕುರ್ಚಿ ಆಗಲೇ ಬಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಕೂತಿದೆ. ಮ್ಯಾನೇಜರು ನನ್ನನ್ನೂ ಸೀಟಿಯನ್ನೂ ಕರೆದು, "ಈ ತಿಂಗಳು ಇಪ್ಪತ್ತರೊಳಗೆ ಇಬ್ಬರೂ ಡಾಕ್ಟರ ಹತ್ತಿರ ಆರೋಗ್ಯದ ಸರ್ಟಿಫಿಕೇಟ್ ತನ್ನಿ, ಆಮೇಲೆ ತೀರ್ಮಾನ" ಎಂದರು. ಸೀಟಿ ಎಂದರೆ ನನ್ನ ಕೈಕೆಳಗಿನ ಪರೀಕ್ಷಕ. ಕೆಲಸ ಮಾಡುವಾಗ ಸೀಟಿ ಹೊಡೆಯುತ್ತಾನೆ, ಅದೂ ಶ್ರುತಿ ತಪ್ಪಿ. ಲ್ಯಾಕ್ಟೋಮೀಟರ್ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ನಾನು. ಕುರ್ಚಿ ಯಾರಿಗೆ ಎಂದು ಬೇರೆ ಹೇಳಬೇಕೇ? ಯಾರೂ ಇಲ್ಲದಾಗ ಒಂದು ಸಲ ಕೂತು ತಿರುಗಿ ನೋಡಿದೆ. ನನ್ನ ಬೆನ್ನಿಗೇ ಅಳತೆ ತೆಗೆದು ಮಾಡಿಸಿದ ಹಾಗಿದೆ.

ಬೆಳಿಗ್ಗೆ ಬೂದು ಹಸು ಸಾಕಿರುವ ಅಜ್ಜಿಯ ಕ್ಯಾನು ಹಿಡಿದೆ. ನೀರು! ನಮ್ಮಲ್ಲಿ ಒಂದು ಪದ್ಧತಿ ಇದೆ. ನೀರು ಬೆರೆಸಿ ಸಿಕ್ಕಿಬಿದ್ದವರ ಹೆಸರನ್ನು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಒಂದು ವಾರ ಅವರ ಹಾಲು ತೆಗೆದುಕೊಳ್ಳುವುದಿಲ್ಲ. ಅಜ್ಜಿಯ ಹೆಸರನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು, ಸಾಲಿಗೆಲ್ಲ ಕೇಳುವ ಹಾಗೆ ಓದಿದೆ. "ನಿನ್ನ ಹಸು ಬಾವಿಗೆ ಬಿದ್ದಿತ್ತೇನಜ್ಜಿ?" ಎಂದೆ. ಎಲ್ಲರೂ ನಕ್ಕರು. ಅಜ್ಜಿ ಸೆರಗಿನಿಂದ ಕ್ಯಾನು ಒರೆಸಿಕೊಂಡು ಹೋದಳು. ಒಳಗೆ ಹಾಲಿತ್ತು, ಹೊರಗೆ ಒರೆಸಿದಳು.

ಮಾರ್ಚ್ ೬, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಐದು ನಿಮಿಷದ ಕೆಲಸ, ಒಂದು ಸಹಿ ಎಂದುಕೊಂಡಿದ್ದೆ. ಒಂದು ಲೋಟ ಕೈಗೆ ಕೊಟ್ಟು ಕಕ್ಕಸಿನ ಕಡೆ ತೋರಿಸಿದರು. ತಂದುಕೊಟ್ಟೆ. ಒಂದು ತೆಳ್ಳನೆಯ ಪಟ್ಟಿ ಅದ್ದಿದರು. ಹಳದಿಯಾಗಿದ್ದ ಚೌಕ ನಿಂತ ನಿಲುವಿನಲ್ಲೇ ಹಸಿರಾಯಿತು. ಒಳ್ಳೇ ಹಸಿರು, ಎಳೆ ಹುಲ್ಲಿನ ಬಣ್ಣ. ನನಗೆ ಸಂತೋಷವೇ ಆಯಿತು.

"ಮೂತ್ರದಲ್ಲಿ ನೊರೆ ಬರುತ್ತಾ?" ಎಂದು ಕೇಳಿದರು.

"ಬರುತ್ತಾ ಅಂತೀರಾ! ಈಗತಾನೆ ಕರೆದ ಹಾಲಿನ ಹಾಗೆ ಬರುತ್ತೆ ತಾಯಿ. ನೀರು ಸುರಿದ್ರೂ ಹೋಗಲ್ಲ. ನಮ್ಮ ಮನೇಲಿ ಅಂಥ ನೊರೆ ಇನ್ಯಾರಿಗೂ ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ನನ್ನದು ತಪ್ಪೇ? ಹಾಲು ಕರೆಯುವಾಗ ನೊರೆ ಉಕ್ಕಿ ಬಂದರೆ ಹಸು ಗಟ್ಟಿಮುಟ್ಟು ಎಂದು ಯಾರನ್ನು ಬೇಕಾದರೂ ಕೇಳಿ. ಎರಡು ವರ್ಷದಿಂದ ನನ್ನದೂ ಹಾಗೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಇವರ ಪ್ರಕಾರ ಅದು ಪ್ರೋಟೀನ್. ರಕ್ತದಲ್ಲಿ ಇರಬೇಕಾದ್ದು ಮೂತ್ರದಲ್ಲಿ ಹೊರಗೆ ಹೋಗುತ್ತಿದೆಯಂತೆ. ಕಿಡ್ನಿ ಎಂದರೆ ಸೋಸುವ ಬಟ್ಟೆ ಇದ್ದ ಹಾಗೆ, ಅದರ ಕಣ್ಣು ದೊಡ್ಡದಾಗಿರಬಹುದಂತೆ. "ಒಂದೇ ಸಲ ನೋಡಿ ಏನೂ ಹೇಳೋಕಾಗಲ್ಲ. ಜ್ವರ ಬಂದಿದ್ರೂ, ತುಂಬ ಓಡಾಡಿದ್ರೂ ಬರಬಹುದು. ಬುಧವಾರ ಬೆಳಿಗ್ಗೆ ಎದ್ದ ಕೂಡಲೇ ಮೊದಲನೇದನ್ನ ಈ ಬಾಟಲಿಲಿ ತನ್ನಿ, ಲ್ಯಾಬಿಗೆ ಕಳಿಸ್ತೀನಿ" ಎಂದರು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು. ನೂರ ಎಪ್ಪತ್ತು, ನೂರ ನಾಲ್ಕು. ರಕ್ತದೊತ್ತಡದಲ್ಲೂ ನಾನು ಮುಂದೆ.

ಸರ್ಟಿಫಿಕೇಟ್ ಎಂದೆ. "ಮೊದಲು ಬಾಟಲಿ" ಎಂದರು.

ನಾನು ಹೊರಡುವ ಮುಂಚೆ ಮಂಡಿ ನೋವಿಗೆ ನಾನು ನುಂಗುವ ಮಾತ್ರೆಗಳ ಬಗ್ಗೆ ಕೇಳಿ, ಅದನ್ನು ಇವತ್ತೇ ನಿಲ್ಲಿಸಬೇಕು, ಅದೂ ಕಿಡ್ನಿಗೆ ಕೆಟ್ಟದ್ದು ಎಂದರು. ದಿನಾ ಔಷಧಿ ಅಂಗಡಿಯವನು ಕೇಳದೆಯೇ ಕೊಡುತ್ತಾನೆ, ಅಷ್ಟು ನಂಬಿಕಸ್ಥ ಮಾತ್ರೆ. ಬೇರೆ ಎರಡು ಬರೆದರು. ಉಪ್ಪು ಕಡಿಮೆ ಮಾಡಿ ಎಂದರು. ಅದನ್ನು ಮನೆಯಲ್ಲಿ ಹೇಳುವುದಿಲ್ಲ.

ಮಾರ್ಚ್ ೯, ಭಾನುವಾರ

ಹೇಳಿಬಿಟ್ಟೆ. ಅಣ್ಣನ ಮಗಳು ಔಷಧಿ ಚೀಟಿ ಓದಿದಳು, ನಾನೇನು ಮಾಡಲಿ? ಇವಳು, ನನ್ನ ಹೆಂಡತಿ, ಉಪ್ಪಿನ ಡಬ್ಬಿ ಎತ್ತಿ ಎಲ್ಲೋ ಬಚ್ಚಿಟ್ಟಿದ್ದಾಳೆ. ಸೌತೆಕಾಯಿಯನ್ನು ಬರಿದೇ ತಿನ್ನಬೇಕಂತೆ. ಬರೀ ಸೌತೆಕಾಯಿ ತಿನ್ನುವುದು ದನ.

"ಹಸುಗಳೆಲ್ಲ ಎದ್ದು ನಿಲ್ತವೆ ಅಂತೀರಲ್ಲ, ಅವು ತಿನ್ನೋದನ್ನ ಒಂದಿನ ತಿಂದು ನೋಡಿ" ಎಂದಳು.

ಅಣ್ಣನ ಮಗಳು ನೆಲದ ಮೇಲೆ ಬಿದ್ದು ನಕ್ಕಳು.

ಮಾರ್ಚ್ ೧೨, ಬುಧವಾರ

ಇವತ್ತು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಪಟ್ಟಿ ಮತ್ತೆ ಹಸಿರಾದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಕುರ್ಚಿ ಇಲ್ಲ. ಸೀಟಿ ಅದರಲ್ಲಿ ಕೂತು ಶ್ರುತಿ ತಪ್ಪಿ ಸೀಟಿ ಹೊಡೆಯುತ್ತಾ ಗಿರಗಿರ ತಿರುಗುವುದು ಕಣ್ಣ ಮುಂದೆ ಬಂತು. ಬೆಳಿಗ್ಗೆ ಎದ್ದು ಬಾಟಲಿ ಅರ್ಧ ತುಂಬಿಸಿ ಬೆಳಕಿಗೆ ಹಿಡಿದೆ. ಮೇಲೆ ನೊರೆಯ ಕಿರೀಟ. ನಲ್ಲಿ ತಿರುಗಿಸಿದೆ. ಉಳಿದರ್ಧ ನೀರು.

ಇಷ್ಟು ವರ್ಷ ನೀರು ಬೆರೆಸುವವರನ್ನು ಹಿಡಿದವನಿಗೆ, ಸಿಕ್ಕಿಬೀಳದ ಹಾಗೆ ಬೆರೆಸುವುದು ಹೇಗೆಂದು ಬೇರೆಯವರು ಹೇಳಿಕೊಡಬೇಕೇ? ಬೆಚ್ಚಗಿನ ನೀರನ್ನೇ ಬೆರೆಸಿದೆ, ಬಾಟಲಿ ಮುಟ್ಟಿದರೆ ತಣ್ಣಗಿರಬಾರದು ನೋಡಿ. ಬಣ್ಣ ತೀರಾ ತಿಳಿಯಾಗದಂತೆ ನಲ್ಲಿಯನ್ನು ಕೂದಲೆಳೆಯಷ್ಟು ತೆರೆದು ನಿಧಾನವಾಗಿ ಬಿಟ್ಟೆ. ನನ್ನ ಮೇಜಿಗೆ ಬಂದಿದ್ದರೆ ನಾನೇ ಮೋಸ ಹೋಗುತ್ತಿದ್ದೆನೋ ಏನೋ. ಇಲ್ಲ, ನಾನು ಹೋಗುತ್ತಿರಲಿಲ್ಲ.

ಮಾರ್ಚ್ ೧೫, ಶನಿವಾರ

ಡಾಕ್ಟರಮ್ಮ ಕರೆಸಿದರು. ಎದುರಿಗೆ ಲ್ಯಾಬಿನ ಕಾಗದ.

"ಯಜಮಾನ್ರೇ, ನೀವು ಮಾಡೋದು ಏನು ಕೆಲಸ ಅಂದಿರಿ?"

"ಹಾಲು ಪರೀಕ್ಷೆ. ನೀರು ಹಿಡಿಯೋದು."

"ಇದರಲ್ಲಿ ಎಷ್ಟು ಹಾಕಿದ್ರಿ?"

ನಾನು ಮುಗ್ಧನ ಮುಖ ಮಾಡಿದೆ. ಆ ಮುಖ ನನಗೆ ಚೆನ್ನಾಗಿ ಒಪ್ಪುತ್ತದೆ. ಅವರಿಗೆ ಒಪ್ಪಲಿಲ್ಲ. ಕಾಗದ ನನ್ನ ಕಡೆ ತಿರುಗಿಸಿ ವಿವರಿಸಿದರು. ಅವರು ಪ್ರೋಟೀನ್ ಒಂದನ್ನೇ ಅಳೆಯುವುದಿಲ್ಲ. ನಮ್ಮ ಸ್ನಾಯುಗಳು ದಿನಾಲೂ ಹೆಚ್ಚುಕಡಿಮೆ ಒಂದೇ ಸಮ ಹೊರಹಾಕುವ ಕಸ ಒಂದಿದೆಯಂತೆ, ಕ್ರಿಯಾಟಿನಿನ್ ಅಂತ. ಅದನ್ನೂ ಅಳೆದು, ಇದರ ಪಕ್ಕ ಅದನ್ನಿಟ್ಟು ಲೆಕ್ಕ ಹಾಕುತ್ತಾರೆ. "ನೀರು ಹಾಕಿದ್ರೆ ಪ್ರೋಟೀನೂ ತೆಳುವಾಗುತ್ತೆ, ಅದೂ ತೆಳುವಾಗುತ್ತೆ. ಒಂದರಿಂದ ಇನ್ನೊಂದನ್ನ ಭಾಗಿಸಿದ್ರೆ ಉತ್ತರ ಅಲ್ಲೇ ನಿಂತಿರುತ್ತೆ. ನೀವು ಕೆರೆ ನೀರೆಲ್ಲ ಸುರಿದಿದ್ರೂ ಅಷ್ಟೇ. ಕ್ರಿಯಾಟಿನಿನ್ ಇಷ್ಟು ಕಡಿಮೆ ಬಂದಿದೆ ಅಂತ ಲ್ಯಾಬಿನವರೇ ಫೋನ್ ಮಾಡಿದ್ರು, ಇದು ಮನುಷ್ಯನದ್ದಾ ನಲ್ಲಿದ್ದಾ ಅಂತ."

ನಿಜ ಬರೆಯುತ್ತೇನೆ, ನನಗೆ ನಾಚಿಕೆಗಿಂತ ಮೊದಲು ಬಂದದ್ದು ಮೆಚ್ಚುಗೆ. ನೀರು ಹಾಕಿದರೂ ಅಲುಗದ ಲೆಕ್ಕ! ಎಂಥ ಅಂದವಾದ ಪರೀಕ್ಷೆ! ಇದನ್ನು ಕಂಡುಹಿಡಿದವನು ನನ್ನ ಜಾತಿಯವನೇ ಇರಬೇಕು, ಪರೀಕ್ಷಕರ ಜಾತಿ. ನನ್ನನ್ನು ಹಿಡಿಯಲು ಇಂಥದ್ದೇ ಬೇಕಾಯಿತು, ಸಾಮಾನ್ಯದ್ದರಿಂದ ಆಗುತ್ತಿತ್ತೇ?

ಆಮೇಲೆ ಅವರು ಹೇಳಿದ್ದು ಬೇರೆ. "ಪಟ್ಟಿ ಹಸಿರಾದ್ರೆ ಸರ್ಟಿಫಿಕೇಟ್ ಕೊಡಲ್ಲ ಅಂತ ಯಾರು ಹೇಳಿದ್ರು ನಿಮಗೆ? ಪ್ರೋಟೀನ್ ಹೋದ್ರೆ ಕುರ್ಚಿ ಮೇಲೆ ಕೂರಕ್ಕೇನು ಅಡ್ಡಿ? ಚಿಕಿತ್ಸೆ ತಗೋತಿದಾರೆ, ಕೆಲಸಕ್ಕೆ ಯೋಗ್ಯ ಅಂತ ಬುಧವಾರವೇ ಬರೆದುಕೊಡ್ತಿದ್ದೆ. ಈಗ ಸುಳ್ಳು ಮಾದರಿ ಮೇಲೆ ನಾನು ಹೇಗೆ ಸಹಿ ಹಾಕಲಿ?"

ನಾನು ಕಾಗದವನ್ನು ಮೆಲ್ಲಗೆ ಅವರ ಕಡೆಗೇ ತಿರುಗಿಸಿಟ್ಟೆ.

"ಕುರ್ಚಿ ಮಾತು ಬಿಡಿ. ಕಿಡ್ನಿಯೊಳಗೆ ಕೂದಲಿಗಿಂತ ಸಣ್ಣ ರಕ್ತನಾಳ ಇರುತ್ತೆ. ಅದು ಸೋರ್ತಿದೆ ಅಂದ್ರೆ ಮೈಯಲ್ಲಿರೋ ಉಳಿದ ನಾಳಗಳೂ ನೆಟ್ಟಗಿಲ್ಲ ಅಂತ ಅನುಮಾನ ಪಡಬೇಕು. ಹೃದಯದ್ದೂ ಸೇರಿ. ಇದು ಕಿಡ್ನಿ ಕಥೆ ಮಾತ್ರ ಅಲ್ಲ ಯಜಮಾನ್ರೇ, ಹೃದಯ ಮೊದಲೇ ಕಳಿಸೋ ಸೂಚನೆ. ನೀವು ಅದಕ್ಕೂ ನೀರು ಹಾಕಿದ್ರಿ."

ಎದೆಯ ಸ್ಕ್ಯಾನ್ ಮಾಡಿದರು. ರಕ್ತದೊತ್ತಡದಿಂದ ಹೃದಯದ ಗೋಡೆ ಸ್ವಲ್ಪ ದಪ್ಪವಾಗಿದೆಯಂತೆ. ಮನೆಗೆ ಬಂದು ನನ್ನ ಹೃದಯ ದೊಡ್ಡದು ಎಂದು ಡಾಕ್ಟರಮ್ಮನೇ ಹೇಳಿದರು ಎಂದೆ. ಅಣ್ಣನ ಮಗಳು ನಗಲಿಲ್ಲ. ನೀರಿನ ಸಂಗತಿ ಹೇಳಿದೆ. ಆಗಲೂ ನಗಲಿಲ್ಲ. ಇವಳು ಎದ್ದು ಒಳಗೆ ಹೋದಳು, ತುಂಬ ಹೊತ್ತು ಪಾತ್ರೆಯ ಸದ್ದು ಕೇಳುತ್ತಿತ್ತು. ತೊಳೆಯಲು ಅಷ್ಟು ಪಾತ್ರೆ ಎಲ್ಲಿತ್ತು?

ಮಾರ್ಚ್ ೧೭, ಸೋಮವಾರ

ಡಾಕ್ಟರಮ್ಮನಿಗೆ ನನ್ನ ಬಾಟಲಿಯ ಮೇಲೆ ನಂಬಿಕೆ ಹೋಗಿದೆ. ಇವತ್ತು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆವರೆಗಿನದೆಲ್ಲ ಒಂದು ಕ್ಯಾನಿನಲ್ಲಿ ಕೂಡಿಡಬೇಕು, ಒಂದು ಹನಿ ಆಚೆ ಹೋಗಬಾರದು, ಒಂದು ಹನಿ ಆಚೆಯಿಂದ ಒಳಗೆ ಬರಬಾರದು. ಆಗ ದಿನಕ್ಕೆ ಒಟ್ಟು ಎಷ್ಟು ಪ್ರೋಟೀನ್ ಕಳೆದುಕೊಳ್ಳುತ್ತಿದ್ದೇನೆ ಎಂದು ಗ್ರಾಂ ಲೆಕ್ಕದಲ್ಲಿ ಗೊತ್ತಾಗುತ್ತದೆ. ಬಿಳಿ ಪ್ಲಾಸ್ಟಿಕ್ ಕ್ಯಾನು. ರಜೆ ಹಾಕಿ ಎಂದಳು ಇವಳು. ಕುರ್ಚಿಯ ವಾರದಲ್ಲಿ ರಜೆಯೇ? ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಮೇಜಿನ ಕೆಳಗೆ ನೆರಳಿನಲ್ಲಿ ಇಟ್ಟೆ.

ಸಾಲು ಉದ್ದವಿತ್ತು. ನಾನು ಒಂದು ಗಳಿಗೆ ಮ್ಯಾನೇಜರ ಕೋಣೆಗೆ ಹೋಗಿ ಬರುವಷ್ಟರಲ್ಲಿ ಸೀಟಿ ಆ ಕ್ಯಾನನ್ನು ಎತ್ತಿ ಮೇಜಿನ ಮೇಲಿಟ್ಟು, ಸೀಟಿ ಹೊಡೆಯುತ್ತಾ ಮುಚ್ಚಳ ತಿರುಗಿಸುತ್ತಿದ್ದಾನೆ! ಇನ್ನೊಂದು ಕೈಯಲ್ಲಿ ಲ್ಯಾಕ್ಟೋಮೀಟರ್!

"ಮುಟ್ಟಬೇಡ್ವೋ!" ಎಂದು ಕೂಗಿದೆ. ಅಂಥ ಕೂಗು ನಾನು ಹುಟ್ಟಿದಾಗಲೂ ಕೂಗಿರಲಾರೆ.

"ಯಾಕೆ ಅಣ್ಣಾ, ಹೆಸರಿಲ್ಲದ ಕ್ಯಾನು, ಯಾರೋ ಬಿಟ್ಟುಹೋಗಿದಾರೆ ಅಂದ್ಕೊಂಡೆ."

"ಅದು ಹಾಲಲ್ಲ. ಮಾದರಿ."

"ಯಾವ ಹಸುವಿಂದು?"

"ಕೊಂಬಿಲ್ಲದ ಹಸುವಿಂದು" ಎಂದು ಕ್ಯಾನು ಕಿತ್ತುಕೊಂಡೆ.

ಸಾಲಿನ ಮುಂದೆ ಬೂದು ಹಸುವಿನ ಅಜ್ಜಿ ನಿಂತಿದ್ದಳು. ವಾರ ಮುಗಿಸಿ ಈಗ ಮತ್ತೆ ಹಾಲು ತರುತ್ತಿದ್ದಾಳೆ. ಕಣ್ಣಿಗೆ ಕೈ ಅಡ್ಡ ಹಿಡಿದು ಕ್ಯಾನನ್ನು ನೋಡಿದಳು, ಬಣ್ಣ ನೋಡಿದಳು, ನನ್ನ ಮುಖ ನೋಡಿದಳು.

"ಇದೇನಪ್ಪಾ, ನಿನ್ನದಾ?"

ಸಾಲು ಒಂದೇ ಸಲ ನಕ್ಕಿತು. ಹಿಂದಿದ್ದವರಿಗೆ ಮುಂದಿದ್ದವರು ಹೇಳಿ, ಅವರೂ ನಕ್ಕರು.

"ಕ್ಯಾನು ತುಂಬ ಯಾಕಯ್ಯಾ ಕೂಡಿಡ್ತಿದೀಯ? ಸಣ್ಣ ಬಾಟಲಿ ಸಾಕಲ್ವಾ? ನಮ್ಮ ಯಜಮಾನ್ರು ಇದ್ದಾಗ ಬಾಟಲಿಲೇ ಕೇಳ್ತಿದ್ರು."

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನನ್ನ ನಾಲಿಗೆಯ ಮೇಲೆ ಸುಳ್ಳು ಯಾವಾಗಲೂ ಬಿಸಿಬಿಸಿಯಾಗಿಯೇ ಇರುತ್ತದೆ. ಆದರೆ ಅಜ್ಜಿಯ ಕೈ ಸೆರಗಿನ ತುದಿ ಹಿಡಿದಿತ್ತು. ನನಗೆ ಯಾಕೋ ಆ ಸೆರಗೇ ಕಂಡಿತು.

"ಬಾಟಲಿಗೆ ನೀರು ಹಾಕಿದ್ದೆ ಅಜ್ಜಿ. ಸಿಕ್ಕಿಬಿದ್ದೆ. ಅದಕ್ಕೇ ಈಗ ಕ್ಯಾನು."

ಯಾರೂ ನಗಲಿಲ್ಲ. ಸೀಟಿಯ ಸೀಟಿಯೂ ನಿಂತಿತು. ಅಜ್ಜಿ ತಲೆಯಾಡಿಸಿ, ತೀರಾ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಹಲಗೆ ಮೇಲೆ ಹೆಸರು?"

ನನ್ನ ಕಾಲು ಎದ್ದು ನಡೆಯಿತು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ, 'ನೀರು ಬೆರೆಸಿದವರು' ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ಬೇರೆಯವರ ಹೆಸರಿಗಿಂತ ದೊಡ್ಡದಾಗಿಯೇ ಬರೆದೆ, ಅಕ್ಷರವೂ ದುಂಡಗೆ ಬಂತು. ಈ ಹಲಗೆಯ ಮೇಲೆ ಇದುವರೆಗೆ ಇಷ್ಟು ಚೆನ್ನಾದ ಬರಹ ಬಿದ್ದಿಲ್ಲ. ಒಂದು ವಾರ ಪರೀಕ್ಷೆಯ ಮೇಜಿಗೆ ಕೂರುವುದಿಲ್ಲ, ಕ್ಯಾನು ತೊಳೆಯುತ್ತೇನೆ ಎಂದೆ. ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. "ಏನು ನಾಟಕ ಇದು?" ಎಂದರು.

"ನಾಟಕ ಅಲ್ಲ ಸಾರ್, ಪದ್ಧತಿ" ಎಂದೆ. "ಮಾದರಿಗೆ ನೀರು ಹಾಕಿದವನ ಕೈಗೆ ಪರೀಕ್ಷಾ ಕೋಣೆ ಕೊಡಬೇಡಿ. ಸರ್ಟಿಫಿಕೇಟ್ ಬಂದ್ರೂ ಕೊಡಬೇಡಿ. ಕೊಟ್ರೆ ನಾನೇ ನಿಮ್ಮ ಮೇಲೆ ದೂರು ಬರೀತೀನಿ."

ಇಷ್ಟು ಘನವಾದ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲಲ್ಲ, ಆದರೂ ಬರೆದಿಡುತ್ತಿದ್ದೇನೆ. ಹೇಳಿದ ಮೇಲೆ ಗೋಡೆ ಹಿಡಿದುಕೊಂಡೇ ಕ್ಯಾನು ತೊಳೆಯಲು ಹೋದೆ. ಮಂಡಿಯ ಮಾತ್ರೆ ನಿಲ್ಲಿಸಿದ್ದರಿಂದ ಇರಬೇಕು.

ಮಾರ್ಚ್ ೨೦, ಗುರುವಾರ

ಕುರ್ಚಿ ಸೀಟಿಗೆ. ಕ್ಯಾನಿನ ಲೆಕ್ಕವೂ ಬಂತು, ಡಾಕ್ಟರಮ್ಮ ಹೇಳಿದರು, ಕೇಳಿಕೊಂಡು ಬಂದೆ. ಮಾತ್ರೆ ಬದಲಾಯಿತು. ಇದು ರಕ್ತದೊತ್ತಡವನ್ನೂ ಇಳಿಸುತ್ತದೆ, ಸೋರುವುದನ್ನೂ ಕಡಿಮೆ ಮಾಡುತ್ತದಂತೆ.

ಇನ್ನೇನೂ ಇಲ್ಲ.

ಏಪ್ರಿಲ್ ೨, ಬುಧವಾರ

ಸೀಟಿ ಹೊಸ ಕುರ್ಚಿಯಲ್ಲಿ ಕೂತು ಒಂದು ಸಲವೂ ತಿರುಗಿಲ್ಲ. ಅದಕ್ಕೂ ನಾನೇ ಕಾರಣ, ಎದುರಿಗೆ ಕೂತು ನೋಡುತ್ತಿರುತ್ತೇನೆ. ಪ್ರತಿ ಕಷ್ಟದ ಕ್ಯಾನಿಗೂ "ಅಣ್ಣಾ, ಒಂದು ಸಲ ನೋಡಿ" ಎಂದು ಕರೆಯುತ್ತಾನೆ. ಕುರ್ಚಿ ಅವನದ್ದು, ಕಿವಿ ನನ್ನದು.

ಇವತ್ತು ಮತ್ತೆ ಇಬ್ಬರು ನೀರು ತಂದಿದ್ದರು. ಹತ್ತಿರ ಕರೆದು ಮೆಲ್ಲಗೆ ಹೇಳಿ ಕಳಿಸಿದೆ. ಹಲಗೆಯ ಮೇಲೆ ಬರೆಯಲಿಲ್ಲ. ಈಚೆಗೆ ಗಂಟಲು ಸರಿ ಇಲ್ಲ, ಕೂಗುವುದಕ್ಕಾಗುವುದಿಲ್ಲ. ಅವರಲ್ಲೊಬ್ಬಳು ಹೊಸ ಸೊಸೆ, ಹಾಲಿನ ಕ್ಯಾನಿನಲ್ಲಿ ತೊಳೆದ ನೀರು ಉಳಿದದ್ದು ಗೊತ್ತೇ ಇರಲಿಲ್ಲವಂತೆ. ನಿನ್ನದೂ ಹಾಗೇ ಆಗಿತ್ತೇ ಎಂದು ಅಜ್ಜಿಯನ್ನು ಕೇಳಿದೆ. "ನೀನು ಆಗ ಕೇಳಲಿಲ್ಲವಲ್ಲಪ್ಪಾ" ಎಂದಳು. ಇವತ್ತು ಅವಳ ಕ್ಯಾನನ್ನು ನಾನೇ ಗಾಡಿಯಿಂದ ಇಳಿಸಿಕೊಟ್ಟೆ. ಭಾರವಿತ್ತು.

ಏಪ್ರಿಲ್ ೨೧, ಸೋಮವಾರ

ಊಟದಲ್ಲಿ ಇವಳ ತಟ್ಟೆಯಿಂದ ಒಂದು ತುತ್ತು ಕದ್ದೆ, ಅದರಲ್ಲಾದರೂ ಉಪ್ಪು ಇರಬಹುದೆಂದು. ಇರಲಿಲ್ಲ. ಅಣ್ಣನ ಮಗಳ ತಟ್ಟೆಯಲ್ಲೂ ಇರಲಿಲ್ಲ.

"ನಿಮಗೇನು ಬಂದಿದೆ, ನೀವು ಹಾಕ್ಕೊಳ್ಳಿ" ಎಂದೆ.

"ನಿಮ್ಮ ಮುಂದೆ ಕೂತು ಚಪ್ಪರಿಸ್ಕೊಂಡು ತಿನ್ನೋಕೆ ನಮಗೆ ಸಂಕಟ ಆಗುತ್ತೆ" ಎಂದಳು ಇವಳು. "ನಿಮ್ಮ ದೊಡ್ಡ ಹೃದಯ ಇರ್ಲಿ, ನಮ್ಮದು ಚಿಕ್ಕದು."

ಇವಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿರುವುದು ಇವತ್ತು ಕಂಡಿತು. ಯಾವಾಗ ಆಯಿತೋ.

ಸಂಜೆ ಮೂವರೂ ಊರು ಒಂದು ಸುತ್ತು ನಡೆದುಬಂದೆವು. ನಾನೇ ಮುಂದಿದ್ದೆ.

ಜೂನ್ ೧೪, ಶನಿವಾರ

ಬರೆಯದೆ ಬಹಳ ದಿನವಾಯಿತು, ಮಹಾಪುರುಷರಿಗೆ ಬಿಡುವು ಕಡಿಮೆ. ಇವತ್ತು ಬರೆಯಲೇಬೇಕು.

ಮತ್ತೆ ಇಡೀ ದಿನದ ಕ್ಯಾನು ಕೊಟ್ಟಿದ್ದೆ. ಈ ಸಲ ಒಂದು ಹನಿಯೂ ಆಚೀಚೆ ಇಲ್ಲ, ನನ್ನ ಜೀವನದ ಅತ್ಯಂತ ಶುದ್ಧವಾದ ಮಾದರಿ. ಡಾಕ್ಟರಮ್ಮ ಕಾಗದ ಬಿಚ್ಚಿ ಓದಿ ನಕ್ಕರು. ಸೋರುವುದು ಅರ್ಧಕ್ಕಿಂತ ಕೆಳಗೆ ಇಳಿದಿದೆ! ರಕ್ತದೊತ್ತಡ ನೂರ ಇಪ್ಪತ್ತೆಂಟು, ಎಂಬತ್ತು. "ಪೂರ್ತಿ ನಿಂತಿಲ್ಲ, ಮಾತ್ರೆ ಬಿಡಬೇಡಿ, ಮೂರು ತಿಂಗಳಿಗೊಮ್ಮೆ ಬರಬೇಕು. ಆದ್ರೆ ಈ ಅರ್ಧ ಇಳಿದಿದ್ದು ನಿಮ್ಮ ಕಿಡ್ನಿಗೂ ಒಳ್ಳೇದು, ಹೃದಯಕ್ಕೂ ಒಳ್ಳೇದು" ಎಂದರು. ಅಣ್ಣನ ಮಗಳು ಶಾಲಾ ವ್ಯಾನಿನಲ್ಲೇ ಕರೆದುಕೊಂಡು ಬಂದಳು, ದಾರಿಯುದ್ದಕ್ಕೂ ಹಾರ್ನ್ ಹೊಡೆದಳು. ಇವಳು ಬಾಗಿಲಲ್ಲೇ ಕಾಗದ ಕಿತ್ತುಕೊಂಡು ಎರಡು ಸಲ ಓದಿದಳು, ಒಂದು ಅಕ್ಷರವೂ ಅರ್ಥವಾಗದಿದ್ದರೂ. ಆಮೇಲೆ ಅದನ್ನು ಮಡಿಸಿ ತನ್ನ ಪೆಟ್ಟಿಗೆಯಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಳು. ಮೂತ್ರದ ಕಾಗದಕ್ಕೆ ಇಂಥ ಮರ್ಯಾದೆ ಲೋಕದಲ್ಲಿ ಇನ್ನೆಲ್ಲೂ ಸಿಕ್ಕಿರಲಾರದು.

ಸಂಜೆ ಹಾಲಿನ ಸಾಲಿಗೆಲ್ಲ ಮತ್ತೊಮ್ಮೆ ಭಾಷಣ ಮಾಡಿದೆ. ರಕ್ತದೊತ್ತಡ ಇರುವವರು, ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಒಂದು ಲೋಟ ಕೊಟ್ಟು ಬನ್ನಿ, ನೊರೆ ಕಂಡರೆ ನನ್ನ ಹಾಗೆ ಬೀಗಬೇಡಿ, ನೊರೆ ಇಲ್ಲದಿದ್ದರೂ ಸೋರುತ್ತಿರಬಹುದು ಎಂದೆ. ಹಿಂದಿನ ಸಲದ ಭಾಷಣ ಕೇಳಿ ನಾಲ್ಕು ಜನ ಆಗಲೇ ಹೋಗಿ ಬಂದಿದ್ದಾರೆ. ಅಜ್ಜಿಯ ಪಟ್ಟಿ ಹಳದಿಯಾಗಿಯೇ ಉಳಿಯಿತಂತೆ. "ನನ್ನದರಲ್ಲಿ ನೀರೂ ಇಲ್ಲ, ನೊರೆಯೂ ಇಲ್ಲ" ಎಂದು ಸಾಲಿಗೆಲ್ಲ ಕೇಳುವ ಹಾಗೆ ಹೇಳಿದಳು. ಹೇಳಲಿ, ಅವಳಿಗೆ ಆ ಹಕ್ಕಿದೆ.

"ನಿಮ್ಮದು ದಿನಕ್ಕೆ ಎಷ್ಟು ಹೋಗ್ತಿತ್ತಣ್ಣಾ?" ಎಂದು ಸೀಟಿ ಕೇಳಿದ.

ಜನ ನನ್ನನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಸಣ್ಣ ಮಾತು ಹೇಗೆ ಹೇಳುವುದು? "ದಿನಕ್ಕೆ ಎರಡು ಕೋಳಿಮೊಟ್ಟೆಯಷ್ಟು!" ಎಂದೆ. ಅಯ್ಯೋ ಎಂದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದು ಆರು ಮೊಟ್ಟೆ ಆಗಿತ್ತು, ನಾನು ತಿದ್ದಲಿಲ್ಲ. ನಾಳೆ ಒಂದು ಡಜನ್ ಆದರೂ ನನ್ನ ಅಭ್ಯಂತರವಿಲ್ಲ. ಆ ಹೆದರಿಕೆಗಾದರೂ ಇನ್ನೂ ನಾಲ್ಕು ಜನ ಲೋಟ ಹಿಡಿಯಲಿ.

ಇಲ್ಲಿ ಮಾತ್ರ, ಯಾರೂ ಓದದ ಈ ಪುಟದಲ್ಲಿ, ಆ ಮೊದಲ ಕ್ಯಾನಿನ ಲೆಕ್ಕ ಬರೆಯುತ್ತೇನೆ. ನಾನು ನೀರು ಬೆರೆಸಿ ಮುಚ್ಚಿಡಲು ಹೋದದ್ದು, ಕುರ್ಚಿ ಕಳೆದದ್ದು, ಇವಳನ್ನು ಉಪ್ಪಿಲ್ಲದೆ ಉಣ್ಣುವಂತೆ ಮಾಡಿದ್ದು, ಇನ್ನೆರಡು ವರ್ಷ ಬಿಟ್ಟಿದ್ದರೆ ನನ್ನನ್ನೇ ಕರೆದೊಯ್ಯಬಹುದಾಗಿದ್ದದ್ದು, ಆ ಪ್ರೋಟೀನು, ಇಡೀ ದಿನಕ್ಕೆ ಸೇರಿ ಒಂದು ಗ್ರಾಂ ಕೂಡ ತುಂಬಿರಲಿಲ್ಲ. ೦.೯೪.